ಸ್ಟ್ರೋಕ್ ಕಾರ್ಯಾಗಾರ: ಕಿರಿಯ ವೈದ್ಯರು ಯಾವುದಕ್ಕೆ ಕಾಯಬಾರದು

ಎಂಬಿಬಿಎಸ್ ಮುಗಿಸಿದ ಯಾರನ್ನು ಕೇಳಿದರೂ ಮೆದುಳಿನ ಬುಡದ ಧಮನಿಗಳ ಬಳೆಯಾದ ಸರ್ಕಲ್ ಆಫ್ ವಿಲ್ಲಿಸ್‌ನ ಚಿತ್ರ ಬರೆದು ತೋರಿಸುತ್ತಾರೆ. ಎಡಗಡೆಯ ಮಿಡಲ್ ಸೆರೆಬ್ರಲ್ ಧಮನಿ ಕಟ್ಟಿದರೆ ಬಲಗೈ ಬೀಳುತ್ತದೆ, ಮಾತು ಹೋಗುತ್ತದೆ ಎಂಬುದು ಬಾಯಿಪಾಠ. ಆದರೆ ರಾತ್ರಿ ಎರಡು ಗಂಟೆಗೆ ಲಕ್ವ (ಸ್ಟ್ರೋಕ್) ಹೊಡೆದವರನ್ನು ಕ್ಯಾಶುವಾಲ್ಟಿಗೆ ಹೊತ್ತು ತಂದಾಗ ಮೊದಲ ಹತ್ತು ನಿಮಿಷ ಏನು ಮಾಡಬೇಕು, ಯಾವುದನ್ನು ಮಾಡುತ್ತ ಕೂರಬಾರದು ಎಂಬುದನ್ನು ಪಠ್ಯಪುಸ್ತಕ ಅಷ್ಟಾಗಿ ಕಲಿಸುವುದಿಲ್ಲ. ಮೆದುಳಿನ ರಕ್ತನಾಳಗಳ ಕಾಯಿಲೆ ಕುರಿತು ಕಿರಿಯ ವೈದ್ಯರಿಗೆ ನಡೆಸುವ ವಿಶೇಷ ಕಾರ್ಯಾಗಾರಗಳ ಕೆಲಸ ಬಹುಪಾಲು ಇದೇ.

ಬರುವವರು ಮೆಡಿಸಿನ್, ನ್ಯೂರಾಲಜಿ, ಎಮರ್ಜೆನ್ಸಿ ವಿಭಾಗಗಳ ಪಿಜಿಗಳು, ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳ ಹೊಸ ವೈದ್ಯಾಧಿಕಾರಿಗಳು. ಕರ್ನಾಟಕದಲ್ಲಿ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಶುರು ಮಾಡಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್‌ನಲ್ಲೂ ಪ್ರಾಥಮಿಕ ಹಂತದ ವೈದ್ಯರಿಗೆ ತಲೆನೋವು, ಅಪಸ್ಮಾರ, ಮರೆಗುಳಿತನದ ಜೊತೆ ಸ್ಟ್ರೋಕ್ ತರಬೇತಿ ಸೇರಿದೆ. ಎರಡು ದಿನದ ಕಾರ್ಯಾಗಾರದಲ್ಲಿ ಉಪನ್ಯಾಸಕ್ಕೆ ಅರ್ಧ ದಿನ ಸಾಕು. ಅದಕ್ಕಿಂತ ಹೆಚ್ಚು ಕೊಟ್ಟರೆ ಅದು ಸಮ್ಮೇಳನವಾಗುತ್ತದೆ. ಉಳಿದ ಹೊತ್ತೆಲ್ಲ ಸ್ಟೇಷನ್‌ಗಳಿಗೆ: ಹಿಸ್ಟರಿ ತೆಗೆಯುವುದು, ಸ್ಕೋರ್ ಹಾಕುವುದು, ಸಿಟಿ ಓದುವುದು, ಔಷಧಿ ಕಲಸುವುದು, ಗೊಂಬೆಯ ಮೇಲೆ ಇಡೀ ಕೋಡ್ ಸ್ಟ್ರೋಕ್ (ಲಕ್ವದ ತುರ್ತು ಚಿಕಿತ್ಸೆಯ ಪೂರ್ತಿ ಕ್ರಮ) ನಡೆಸುವುದು. ಒಂದು ಸ್ಟೇಷನ್‌ಗೆ ಆರು ಜನರಿಗಿಂತ ಹೆಚ್ಚು ನಿಂತರೆ ಹಿಂದಿನವರು ನೋಡುತ್ತಾರೆಯೇ ಹೊರತು ಕೈಯಿಂದ ಮಾಡುವುದಿಲ್ಲ.

ನಿಮಿಷಗಳ ಲೆಕ್ಕ

ದೇಹದ ತೂಕದಲ್ಲಿ ಮೆದುಳಿನ ಪಾಲು ಶೇ 2ರಷ್ಟು. ಆಮ್ಲಜನಕದಲ್ಲಿ ಅದು ಬಳಸುವುದು ಶೇ 20ರಷ್ಟು, ಕೂಡಿಡುವುದು ಏನೂ ಇಲ್ಲ. ದೊಡ್ಡ ಧಮನಿಯೊಂದು ಕಟ್ಟಿಕೊಂಡಾಗ ಚಿಕಿತ್ಸೆಯಿಲ್ಲದ ಪ್ರತಿ ನಿಮಿಷಕ್ಕೆ 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ 2006ರ ಲೆಕ್ಕವನ್ನು ಎಲ್ಲ ಉಪನ್ಯಾಸಕರೂ ಹೇಳುತ್ತಾರೆ. ಅದು ಸರಾಸರಿ ಎಂಬುದನ್ನೂ ಹೇಳಬೇಕು. ಅಕ್ಕಪಕ್ಕದ ಧಮನಿಗಳಿಂದ ಒಳದಾರಿಯಲ್ಲಿ ರಕ್ತ ಬರುವವರಲ್ಲಿ ಹಾನಿ ನಿಧಾನ, ಅದಿಲ್ಲದವರಲ್ಲಿ ಗಂಟೆಯೊಳಗೆ ಎಲ್ಲ ಮುಗಿದಿರುತ್ತದೆ. ನಡುವಿನ ತಿರುಳು ಸತ್ತಿದ್ದರೂ ಸುತ್ತಲಿನ ಭಾಗ ಕೆಲಸ ನಿಲ್ಲಿಸಿ, ಇನ್ನೂ ಸಾಯದೆ ಉಳಿದಿರುತ್ತದೆ. ಅದಕ್ಕೆ ಪೆನಂಬ್ರಾ ಎನ್ನುತ್ತಾರೆ. ಹೆಪ್ಪು ಕರಗಿಸುವ ಇಂಜೆಕ್ಷನ್, ಹೆಪ್ಪು ಎಳೆದು ತೆಗೆಯುವ ಕ್ಯಾತಿಟರ್, ಬಿಪಿಯನ್ನು ಮುಟ್ಟದೆ ಬಿಡುವ ಸಂಯಮ, ಎಲ್ಲವೂ ಆ ಭಾಗವನ್ನು ಉಳಿಸಿಕೊಳ್ಳಲು.

ನಿಮಿಷಗಳನ್ನು ಎಲ್ಲಿ ಉಳಿಸಬಹುದು ಎಂಬುದಕ್ಕೆ ಹೆಲ್ಸಿಂಕಿ ವಿಶ್ವವಿದ್ಯಾಲಯದ ಆಸ್ಪತ್ರೆ ಒಳ್ಳೆಯ ಉದಾಹರಣೆ. ಅಲ್ಲಿ 1998ರಲ್ಲಿ ರೋಗಿ ಬಾಗಿಲಿಗೆ ಬಂದು ಇಂಜೆಕ್ಷನ್ ಬೀಳುವವರೆಗೆ ಸರಾಸರಿ 105 ನಿಮಿಷ ಹಿಡಿಯುತ್ತಿತ್ತು. 2011ರ ಹೊತ್ತಿಗೆ ಅದು 20 ನಿಮಿಷಕ್ಕೆ ಇಳಿಯಿತು. ಹೊಸ ಯಂತ್ರದ ಬಲದಿಂದ ಆದದ್ದಲ್ಲ ಇದು. ಆಂಬುಲೆನ್ಸ್‌ನವರು ದಾರಿಯಿಂದಲೇ ಫೋನ್ ಮಾಡಿದರು. ರೋಗಿ ಬರುವ ಮೊದಲೇ ಹಳೆಯ ದಾಖಲೆ ತೆಗೆದಿಟ್ಟರು, ಸಿಟಿ ಟೇಬಲ್ ಖಾಲಿ ಮಾಡಿದರು. ಆಂಬುಲೆನ್ಸ್‌ನ ಸ್ಟ್ರೆಚರ್‌ನಲ್ಲೇ ನೇರ ಸಿಟಿಗೆ ಒಯ್ದು, ಸ್ಕ್ಯಾನ್ ಆದ ಟೇಬಲ್ ಮೇಲೇ ಔಷಧಿ ಕೊಟ್ಟರು. ಒಂದರ ಹಿಂದೆ ಒಂದರಂತೆ ನಡೆಯುತ್ತಿದ್ದ ಕೆಲಸಗಳು ಜೊತೆಜೊತೆಗೆ ನಡೆದವು, ಅಷ್ಟೆ.

ಹಾಗಾಗಿ ಕಾರ್ಯಾಗಾರದ ಮೊದಲ ಪಾಠವನ್ನು ಯಾವುದಕ್ಕೆ ಕಾಯಬಾರದು ಎಂಬ ಪಟ್ಟಿಯಿಂದ ಶುರು ಮಾಡುವುದು ಒಳ್ಳೆಯದು. ಇಂಜೆಕ್ಷನ್‌ಗೆ ಮುಂಚೆ ಕಡ್ಡಾಯವಾಗಿ ಬೇಕಾದ ರಕ್ತ ಪರೀಕ್ಷೆ ಒಂದೇ, ಗ್ಲುಕೋಮೀಟರ್‌ನ ಶುಗರ್. 50ಕ್ಕಿಂತ ಕಡಿಮೆ ಶುಗರ್ ಥೇಟ್ ಲಕ್ವದ ಹಾಗೇ ಕಾಣಬಲ್ಲದು, ಡೆಕ್ಸ್‌ಟ್ರೋಸ್ ಕೊಟ್ಟರೆ ಕೈ ಎದ್ದುಬಿಡುತ್ತದೆ. ರೋಗಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದರೆ ಐಎನ್‌ಆರ್‌ಗೆ (ರಕ್ತ ಎಷ್ಟು ತಡವಾಗಿ ಹೆಪ್ಪುಗಟ್ಟುತ್ತದೆ ಎಂಬ ಅಳತೆ) ಕಾಯಲೇಬೇಕು, 1.7 ದಾಟಿದ್ದರೆ ಇಂಜೆಕ್ಷನ್ ಇಲ್ಲ. ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕಡಿಮೆಯಿರಬಹುದೆಂಬ ಅನುಮಾನಕ್ಕೆ ಕಾರಣವಿದ್ದರೆ ಅದಕ್ಕೂ ಕಾಯಬೇಕು. ಉಳಿದವರಲ್ಲಿ ರಕ್ತ ತೆಗೆದು ಕಳಿಸಿ, ರಿಪೋರ್ಟ್ ಬರುವ ಮೊದಲೇ ಮುಂದುವರಿಯಬಹುದು. ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಬರಲಿ ಎಂದು ರಕ್ತನಾಳಗಳ ಆಂಜಿಯೋಗ್ರಾಂ ತಡ ಮಾಡುವುದು, ಎದೆಯ ಎಕ್ಸ್‌ರೇ ಮುಗಿಯಲಿ ಎನ್ನುವುದು, ಯೂರಿನ್ ಕ್ಯಾತಿಟರ್ ಹಾಕಿಯೇ ಕಳಿಸುತ್ತೇವೆ ಎನ್ನುವುದು ಯಾವುದೂ ಬೇಡ.

ಗಡಿಯಾರ ಯಾವಾಗ ಶುರುವಾಯಿತು

ಹೆಪ್ಪು ಕರಗಿಸುವ ಇಂಜೆಕ್ಷನ್ ಅಲ್ಟೆಪ್ಲೇಸ್ ಉಪಯುಕ್ತ ಎಂದು 1995ರ ಎನ್‌ಐಎನ್‌ಡಿಎಸ್ ಅಧ್ಯಯನ ತೋರಿಸಿದ್ದು ಮೊದಲ 3 ಗಂಟೆಗಳಿಗೆ. 2008ರ ಇಕಾಸ್-3 ಅಧ್ಯಯನ ಅದನ್ನು ನಾಲ್ಕೂವರೆ ಗಂಟೆಗೆ ಹಿಗ್ಗಿಸಿತು. ಈ ಗಂಟೆಗಳನ್ನು ಎಣಿಸುವುದು ರೋಗಿ ಕೊನೆಯ ಸಲ ಚೆನ್ನಾಗಿದ್ದುದನ್ನು ಯಾರಾದರೂ ಕಂಡ ಹೊತ್ತಿನಿಂದ. ಕೈಬಿದ್ದದ್ದು ಕಣ್ಣಿಗೆ ಬಿದ್ದ ಹೊತ್ತಿನಿಂದ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಪ್ರಶ್ನೆ ಕೇಳುವ ರೀತಿಯಲ್ಲೇ ಚಿಕಿತ್ಸೆ ಸಿಗುವುದೂ ತಪ್ಪುವುದೂ ಇದೆ. ಅಭ್ಯಾಸಕ್ಕೆ ಕೊಡುವ ಸಂಭಾಷಣೆಯೊಂದು ಹೀಗಿರಬಹುದು. ಬೆಳಗ್ಗೆ ಏಳೂವರೆಗೆ ಅರವತ್ತರ ರೈತನನ್ನು ಕರೆತಂದಿದ್ದಾರೆ.

“ಯಾವಾಗಿಂದ ಹಿಂಗಾಗಿದೆ?”

“ಬೆಳಗ್ಗೆ ಆರಕ್ಕೆ ಸರ್, ಅಪ್ಪನ್ನ ಎಬ್ಬಿಸೋಕೆ ಹೋದೆ. ಕೈ ಎತ್ತಲಿಲ್ಲ, ಬಾಯಿ ವಾರೆ ಆಗಿತ್ತು.”

“ರಾತ್ರಿ ಮಲಗೋವಾಗ ಸರಿಯಿದ್ರಾ?”

“ಹ್ಞೂಂ ಸರ್, ಹತ್ತಕ್ಕೆ ಊಟ ಮಾಡಿ ಮಲಗಿದ್ರು.”

ಇಲ್ಲಿಗೇ ನಿಲ್ಲಿಸುವವರು “ರಾತ್ರಿ 10, ಅವಧಿ ಮೀರಿದೆ” ಎಂದು ಬರೆದು ಆಸ್ಪಿರಿನ್ ಶುರು ಮಾಡುತ್ತಾರೆ. ಇನ್ನೊಂದು ಪ್ರಶ್ನೆ ಬಾಕಿಯಿದೆ: “ನಡುವೆ ಎದ್ದಿದ್ರಾ, ನೀರಿಗೆ, ಬಚ್ಚಲಿಗೆ?” ಮಗನಿಗೆ ಗೊತ್ತಿರುವುದಿಲ್ಲ. ಹಿಂದೆ ನಿಂತ ತಾಯಿ ಹೇಳುತ್ತಾಳೆ: “ನಾಲ್ಕೂವರೆಗೆ ಎದ್ದು ಹಾಲು ಕರೆದು ಬಂದು ಮತ್ತೆ ಒರಗಿದ್ರು ಸ್ವಾಮಿ. ನನ್ನ ಹತ್ರ ಚೆನ್ನಾಗೇ ಮಾತಾಡಿದ್ರಲ್ಲ.” ಗಡಿಯಾರ ರಾತ್ರಿ ಹತ್ತರಿಂದ ಬೆಳಗಿನ ನಾಲ್ಕೂವರೆಗೆ ಬಂತು. ಒಂಬತ್ತು ಗಂಟೆಯವರೆಗೆ ಸಮಯವಿದೆ. ಜೊತೆಗೆ ಬಂದವರು ಮತ್ತು ನೋಡಿದವರು ಬೇರೆ ಬೇರೆಯಾಗಿರುವುದು ನಮ್ಮಲ್ಲಿ ಮಾಮೂಲು. ನೋಡಿದವರ ಫೋನ್ ನಂಬರ್ ತೆಗೆದುಕೊಂಡು ಆಗಲೇ ಮಾತಾಡಬೇಕು. ಯಾರೂ ನೋಡಿಲ್ಲ ಎಂದರೂ ಎಲ್ಲ ಮುಗಿದಂತಲ್ಲ. ಎಂಆರ್‌ಐ ತೆಗೆಯುವ ಎರಡು ಬಗೆಯ ಚಿತ್ರಗಳ ಪೈಕಿ ಡಿಫ್ಯೂಷನ್‌ನಲ್ಲಿ ಕಲೆ ಕಂಡು ಫ್ಲೇರ್‌ನಲ್ಲಿ ಇನ್ನೂ ಕಾಣದಿದ್ದರೆ ಸ್ಟ್ರೋಕ್ ಹೊಸದು ಎಂದರ್ಥ, ಅಂಥವರಿಗೆ ಇಂಜೆಕ್ಷನ್ ಕೊಟ್ಟರೆ ಲಾಭವಿದೆ ಎಂಬುದನ್ನು 2018ರ ವೇಕ್-ಅಪ್ ಅಧ್ಯಯನ ತೋರಿಸಿದೆ.

ಸ್ಟ್ರೋಕ್ ಎಷ್ಟು ತೀವ್ರ ಎಂದು ಅಳೆಯುವ ಎನ್‌ಐಎಚ್‌ಎಸ್‌ಎಸ್ ಸ್ಕೋರ್ ಹಾಕುವ ಸ್ಟೇಷನ್‌ನಲ್ಲಿ ಹನ್ನೊಂದು ಅಂಶ, 0ಯಿಂದ 42ರವರೆಗೆ ಅಂಕ, ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು. ಕೈಯನ್ನು ಹತ್ತು ಸೆಕೆಂಡ್, ಕಾಲನ್ನು ಐದು ಸೆಕೆಂಡ್ ಎತ್ತಿ ಹಿಡಿಸಬೇಕು, ಎಣಿಕೆ ಗಟ್ಟಿಯಾಗಿ ಹೇಳಬೇಕು. ಮಾಡಿ ತೋರಿಸಿದರೂ ಅಡ್ಡಿಯಿಲ್ಲದ ಅಂಶ ಯಾವುದು, ಬಾಯಿಮಾತಿನಲ್ಲೇ ಕೇಳಬೇಕಾದ್ದು ಯಾವುದು ಎಂಬಲ್ಲಿ ಎಲ್ಲರೂ ಎಡವುತ್ತಾರೆ. ಇನ್ನೊಂದು ತೊಡಕು ನಮ್ಮ ಕಡೆಯದು. ಅರಿವಿನ ಪ್ರಶ್ನೆಗಳು ಎರಡೇ: ಇದು ಯಾವ ತಿಂಗಳು, ನಿಮಗೆ ವಯಸ್ಸೆಷ್ಟು. “ಶ್ರಾವಣ” ಎಂದು ಹೇಳಿದ ಅಜ್ಜಿಗೆ ಆಗಸ್ಟ್ ಎನ್ನಲಿಲ್ಲವೆಂದು ಅಂಕ ಹಾಕುವುದು ಅನ್ಯಾಯ. ಶ್ರಾವಣ ಸರಿಯಿದ್ದರೆ ಉತ್ತರ ಸರಿ. ವಯಸ್ಸು ಮಾತ್ರ ಕಷ್ಟ. ನಿಯಮದ ಪ್ರಕಾರ ಹತ್ತಿರದ ಉತ್ತರಕ್ಕೆ ರಿಯಾಯಿತಿಯಿಲ್ಲ, ಆದರೆ “ಅರವತ್ತೋ ಎಪ್ಪತ್ತೋ” ಎನ್ನುವ ಹಿರಿಯರಿಗೆ ನಿನ್ನೆಯೂ ತಮ್ಮ ವಯಸ್ಸು ಗೊತ್ತಿರಲಿಲ್ಲ. ಕಂಡದ್ದಕ್ಕೆ ಅಂಕ ಹಾಕಿ, ಪಕ್ಕದಲ್ಲಿ ಕಾರಣ ಬರೆಯುವುದೇ ಸರಿಯಾದ ದಾರಿ. ಇದೇ ವೈದ್ಯರು ನಾಳೆ ಮತ್ತೆ ಅಂಕ ಹಾಕಿದಾಗ ಹೋಲಿಕೆಗೆ ಸಿಗಬೇಕಲ್ಲ.

ಈ ಸ್ಕೋರ್‌ಗೆ ಎಡ ಮೆದುಳಿನ ಕಡೆ ಒಲವು ಜಾಸ್ತಿ, ಮಾತಿಗೆ ಸಿಗುವ ಅಂಕ ಹೆಚ್ಚು. ಹಿಂಭಾಗದ ಧಮನಿಗಳ ಸ್ಟ್ರೋಕ್ ಇದ್ದರೆ ಸ್ಕೋರ್ 1 ಅಥವಾ 2 ಬಂದೂ ರೋಗಿ ಅಪಾಯದಲ್ಲಿರಬಹುದು. ಮಲಗಿಸಿಯೇ ಪರೀಕ್ಷೆ ಮಾಡಿದರೆ ತಪ್ಪಿಹೋಗುವ ಸೆರೆಬೆಲ್ಲಂ (ಕಿರುಮೆದುಳು) ತೊಂದರೆ, ಎಬ್ಬಿಸಿ ಕೂರಿಸಿದ ಕೂಡಲೇ ಪಕ್ಕಕ್ಕೆ ವಾಲಿ ಬಯಲಾಗುತ್ತದೆ.

ಸಿಟಿಯಲ್ಲಿ ಏನು ನೋಡಬೇಕು

ಮೊದಲ ಪ್ರಶ್ನೆ ಮೆದುಳಿನೊಳಗೆ ರಕ್ತ ಸೋರಿದೆಯೇ ಇಲ್ಲವೇ. ಮೆದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾದಲ್ಲಿ ಎರಡೂ ಬದಿ ಸಮವಾಗಿ ಬಿಳಿ ಚುಕ್ಕೆ ಕಂಡು “ಬ್ಲೀಡ್” ಎಂದು ಇಂಜೆಕ್ಷನ್ ನಿಲ್ಲಿಸುವ ತಪ್ಪು ಆಗುತ್ತಲೇ ಇರುತ್ತದೆ. ತಾಜಾ ರಕ್ತ ಸಾಮಾನ್ಯವಾಗಿ 50ರಿಂದ 80 ಹೌನ್ಸ್‌ಫೀಲ್ಡ್ ಯೂನಿಟ್ (ಸಿಟಿಯಲ್ಲಿ ಸಾಂದ್ರತೆಯ ಅಳತೆ) ತೋರಿಸುತ್ತದೆ, ಸುಣ್ಣಗಟ್ಟಿದ ಜಾಗ 100 ದಾಟಿರುತ್ತದೆ. ಮೌಸ್‌ನಿಂದ ಒಂದು ವೃತ್ತ ಎಳೆದರೆ ಗೊತ್ತಾಗುವ ಸಂಗತಿ. ರಕ್ತ ಇಲ್ಲವೆಂದ ಮೇಲೆ ವಿಂಡೋ (ಚಿತ್ರದ ಕಪ್ಪು-ಬಿಳುಪಿನ ಹೊಂದಿಕೆ) ಬದಲಿಸಬೇಕು. ಅಗಲ 40, ಮಟ್ಟ 40ಕ್ಕೆ ತಂದರೆ ಬೂದು ಮತ್ತು ಬಿಳಿ ಭಾಗಗಳ ಗಡಿ ಎದ್ದು ಕಾಣುತ್ತದೆ. ಮೆದುಳಿನ ಪಕ್ಕದ ಮಡಿಕೆಯೊಳಗಿನ ಇನ್ಸುಲಾದ ಗೆರೆ ಅಳಿಸಿದೆಯೇ, ಆಳದ ಲೆಂಟಿಫಾರ್ಮ್ ಭಾಗ ಮಸುಕಾಗಿದೆಯೇ, ಮಿಡಲ್ ಸೆರೆಬ್ರಲ್ ಧಮನಿಯೇ ದಾರದಂತೆ ಬೆಳ್ಳಗೆ ಕಾಣುತ್ತಿದೆಯೇ? ಆ ಧಮನಿಯ ವ್ಯಾಪ್ತಿಯನ್ನು ಹತ್ತು ಭಾಗ ಮಾಡಿ, ಹಾಳಾದ ಪ್ರತಿ ಭಾಗಕ್ಕೆ ಒಂದು ಅಂಕ ಕಳೆಯುವುದು ಆಸ್ಪೆಕ್ಟ್ಸ್ ಸ್ಕೋರ್. ಹತ್ತು ಎಂದರೆ ಏನೂ ಹಾಳಾದದ್ದು ಕಾಣುತ್ತಿಲ್ಲ. ಪುಟ್ಟ ಎಚ್ಚರಿಕೆ: ಮೊದಲ ಗಂಟೆಗಳಲ್ಲಿ ಸಿಟಿ ಪೂರ್ತಿ ನಾರ್ಮಲ್ ಇರಬಹುದು, ಅದು ಸ್ಟ್ರೋಕ್ ಇಲ್ಲ ಎಂಬುದಕ್ಕೆ ಸರ್ಟಿಫಿಕೇಟ್ ಅಲ್ಲ. “ಸಿಟಿ ನಾರ್ಮಲ್, ನಾಳೆ ನೋಡೋಣ” ಎಂದು ವಾರ್ಡಿಗೆ ಹಾಕುವುದೇ ಬಹಳ ಕಡೆ ಚಿಕಿತ್ಸೆ ಕೈತಪ್ಪುವ ಜಾಗ.

ಔಷಧಿ ಕಲಸುವ ಮೇಜು

ಇಲ್ಲಿ ಹೊತ್ತು ಕಳೆಯುವುದಕ್ಕೆ ಅರ್ಥವಿದೆ, ಯಾಕೆಂದರೆ ತಪ್ಪುಗಳು ಲೆಕ್ಕದಲ್ಲೇ ಆಗುತ್ತವೆ. ಅಲ್ಟೆಪ್ಲೇಸ್ ಪ್ರಮಾಣ ಕಿಲೋಗೆ 0.9 ಮಿ.ಗ್ರಾಂ., ಎಷ್ಟೇ ತೂಕವಿದ್ದರೂ 90 ದಾಟುವಂತಿಲ್ಲ. 60 ಕಿಲೋ ರೋಗಿಗೆ 54 ಮಿ.ಗ್ರಾಂ. ಅದರಲ್ಲಿ ಶೇ 10, ಅಂದರೆ 5.4 ಮಿ.ಗ್ರಾಂ., ಒಂದು ನಿಮಿಷದಲ್ಲಿ, ಉಳಿದ 48.6 ಒಂದು ಗಂಟೆಯಲ್ಲಿ. 50 ಮಿ.ಗ್ರಾಂ. ಪುಡಿಗೆ 50 ಮಿ.ಲೀ. ಸ್ಟೆರೈಲ್ ವಾಟರ್ ಬೆರೆಸಿದರೆ ಒಂದು ಮಿ.ಲೀ.ಗೆ ಒಂದು ಮಿ.ಗ್ರಾಂ. ಬರುತ್ತದೆ. ವಯಲ್ ಕುಲುಕಿದರೆ ನೊರೆಯೇಳುತ್ತದೆ, ಮೆಲ್ಲಗೆ ತಿರುಗಿಸಬೇಕು. ಇನ್‌ಫ್ಯೂಷನ್ ಪಂಪ್ “ಮುಗಿಯಿತು” ಎಂದು ಕೂಗಿದಾಗಲೂ ಟ್ಯೂಬಿನೊಳಗೆ ಹಲವು ಮಿ.ಲೀ. ಔಷಧಿ ನಿಂತಿರುತ್ತದೆ. ಟ್ಯೂಬ್ ಕಿತ್ತು ಬಿಸಾಡಿದರೆ ರೋಗಿಗೆ ಅಷ್ಟು ಡೋಸ್ ಕಡಿಮೆ. ಅದೇ ವೇಗದಲ್ಲಿ ಸಲೈನ್ ಹರಿಸಿ ಟ್ಯೂಬ್ ತೊಳೆಯಬೇಕು.

ಹೆಪ್ಪು ಕರಗಿಸುವ ಇನ್ನೊಂದು ಔಷಧಿ ಟೆನೆಕ್ಟೆಪ್ಲೇಸ್ ಬಂದ ಮೇಲೆ ಕೆಲಸ ಸುಲಭವಾಯಿತು. ಒಂದೇ ಪುಷ್, ಪಂಪ್ ಬೇಡ, ಆಂಬುಲೆನ್ಸ್ ಹತ್ತಿಸುವ ಮೊದಲೇ ಮುಗಿಯುತ್ತದೆ. ಕೆನಡಾದ ಆಕ್ಟ್ ಅಧ್ಯಯನ 2022ರಲ್ಲಿ ಇದು ಅಲ್ಟೆಪ್ಲೇಸ್‌ಗೆ ಕಡಿಮೆಯೇನಲ್ಲ ಎಂದು ತೋರಿಸಿತು. ಪ್ರಮಾಣ ಕಿಲೋಗೆ 0.25 ಮಿ.ಗ್ರಾಂ., ಗರಿಷ್ಠ 25. ಭಾರತದಲ್ಲಿ ಸ್ಟ್ರೋಕ್‌ಗೆಂದೇ ಸಿಗುವ ಸ್ವದೇಶಿ 20 ಮಿ.ಗ್ರಾಂ. ವಯಲ್‌ನ ಲೇಬಲ್ 0.2, ಗರಿಷ್ಠ 20 ಎನ್ನುತ್ತದೆ. ನಿಮ್ಮ ಆಸ್ಪತ್ರೆಯಲ್ಲಿ ಯಾವುದನ್ನು ಪಾಲಿಸುತ್ತಾರೆ ಎಂಬುದನ್ನು ಮೊದಲೇ ಬರೆದು ಗೋಡೆಗೆ ಅಂಟಿಸಬೇಕು. ಸುಲಭವಾದಷ್ಟೂ ಅಪಾಯ ಬೇರೊಂದು ಬಾಗಿಲಿನಿಂದ ಬಂತು: ಇದೇ ಔಷಧಿ ಹೃದಯಾಘಾತಕ್ಕೂ ಬಳಕೆಯಲ್ಲಿದೆ, ಅಲ್ಲಿ ಡೋಸ್ ಎರಡು ಪಟ್ಟಿಗಿಂತ ಹೆಚ್ಚು. 60 ಕಿಲೋ ವ್ಯಕ್ತಿಗೆ ಹೃದಯಾಘಾತದಲ್ಲಿ 35 ಮಿ.ಗ್ರಾಂ., ಸ್ಟ್ರೋಕ್‌ನಲ್ಲಿ 15. ಕ್ಯಾಶುವಾಲ್ಟಿಯ ಫ್ರಿಜ್‌ನಲ್ಲಿ ಹೃದಯದ ಪ್ಯಾಕೆಟ್ ಕೈಗೆ ಸಿಕ್ಕು, ಅದರೊಳಗಿನ ಚೀಟಿ ನೋಡಿಯೇ ಕೊಟ್ಟುಬಿಟ್ಟರೆ ಮೆದುಳಿನಲ್ಲಿ ರಕ್ತಸ್ರಾವ ತಪ್ಪಿಸುವುದು ಕಷ್ಟ. ಎರಡೂ ಪ್ಯಾಕೆಟ್‌ಗಳನ್ನು ಬೇರೆ ಕಪಾಟಿನಲ್ಲಿ ಇಡುವುದು, ಡೋಸ್ ಅನ್ನು ಎರಡನೆಯವರು ಗಟ್ಟಿಯಾಗಿ ಓದುವುದು ಇದಕ್ಕೆ ಪರಿಹಾರ. ಇನ್ನೊಂದು ಮಾತು, ಟೆನೆಕ್ಟೆಪ್ಲೇಸ್ ಡೆಕ್ಸ್‌ಟ್ರೋಸ್ ಜೊತೆ ಸೇರಿದರೆ ಗರಣೆಗಟ್ಟುತ್ತದೆ. ಅದೇ ಲೈನ್‌ನಲ್ಲಿ ಡೆಕ್ಸ್‌ಟ್ರೋಸ್ ಹರಿದಿದ್ದರೆ ಸಲೈನ್‌ನಿಂದ ತೊಳೆದೇ ಕೊಡಬೇಕು.

ಇಷ್ಟೆಲ್ಲ ಲೆಕ್ಕ ನಿಂತಿರುವುದು ತೂಕದ ಮೇಲೆ, ತೂಕ ನಿಂತಿರುವುದು ಕಣ್ಣಂದಾಜಿನ ಮೇಲೆ! ಹತ್ತು ಕಿಲೋ ತಪ್ಪಿದರೆ ಅಲ್ಟೆಪ್ಲೇಸ್ 9 ಮಿ.ಗ್ರಾಂ. ತಪ್ಪಿತು. ತೂಕದ ಟ್ರಾಲಿ ಇಲ್ಲದ ಕಡೆ ಮನೆಯವರನ್ನು ಕೇಳಿ, ಹಳೆಯ ಚೀಟಿ ನೋಡಿ, ಎರಡು ಜನ ಬೇರೆ ಬೇರೆಯಾಗಿ ಅಂದಾಜು ಹೇಳಿ ಹೋಲಿಸಬೇಕು.

ಬಿಪಿ ವಿಷಯದಲ್ಲಿ ಕಿರಿಯ ವೈದ್ಯರ ಕೈ ಸುಮ್ಮನಿರುವುದಿಲ್ಲ. 200/110 ಕಂಡ ಕೂಡಲೇ ನಾಲಿಗೆಯಡಿ ನಿಫೆಡಿಪಿನ್ ಹಿಂಡುವ ಹಳೆಯ ಚಟ ಇನ್ನೂ ಬದುಕಿದೆ. ಬಿಪಿ ಧೊಪ್ಪನೆ ಬಿದ್ದರೆ ಪೆನಂಬ್ರಾಕ್ಕೆ ಬರುತ್ತಿದ್ದ ಅಷ್ಟಿಷ್ಟು ರಕ್ತವೂ ನಿಲ್ಲುತ್ತದೆ. ಇಂಜೆಕ್ಷನ್ ಕೊಡುವುದಾದರೆ 185/110ಕ್ಕಿಂತ ಕೆಳಗೆ ತರಬೇಕು, ಕೊಟ್ಟ ಮೇಲೆ 24 ಗಂಟೆ 180/105ರ ಕೆಳಗೆ ಹಿಡಿಯಬೇಕು. ಲ್ಯಾಬೆಟಲಾಲ್ 10ರಿಂದ 20 ಮಿ.ಗ್ರಾಂ. ನಿಧಾನವಾಗಿ ನರಕ್ಕೆ ಕೊಟ್ಟರೆ ಹೆಚ್ಚಿನವರಲ್ಲಿ ಸಾಕಾಗುತ್ತದೆ. ಇಂಜೆಕ್ಷನ್ ಕೊಡದ ರೋಗಿಯಲ್ಲಿ, ಬೇರೆ ಕಾರಣವಿಲ್ಲದಿದ್ದರೆ, 220/120ರವರೆಗೆ ಮುಟ್ಟುವ ಹಾಗಿಲ್ಲ. ಕೊಟ್ಟ ಮೇಲೆ ಮೊದಲ ಎರಡು ಗಂಟೆ 15 ನಿಮಿಷಕ್ಕೊಮ್ಮೆ, ಮುಂದಿನ ಆರು ಗಂಟೆ ಅರ್ಧ ಗಂಟೆಗೊಮ್ಮೆ, ಆಮೇಲೆ ಗಂಟೆಗೊಮ್ಮೆ ಬಿಪಿ ಮತ್ತು ನರಪರೀಕ್ಷೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಹೆಪಾರಿನ್ ಯಾವುದೂ ಮರುದಿನದ ಸಿಟಿಯವರೆಗೆ ಇಲ್ಲ.

ಇಂಜೆಕ್ಷನ್ ನಡೆಯುತ್ತಿರುವಾಗ ತಲೆನೋವು, ವಾಂತಿ, ಏಕಾಏಕಿ ಏರಿದ ಬಿಪಿ, ಮಂಕಾದ ಎಚ್ಚರ, ಇವುಗಳಲ್ಲಿ ಒಂದು ಕಂಡರೂ ಪಂಪ್ ನಿಲ್ಲಿಸಿ ಸಿಟಿಗೆ ಓಡಬೇಕು. ರಕ್ತ ಕಂಡರೆ ಹೆಪ್ಪುಗಟ್ಟಲು ನೆರವಾಗುವ ರಕ್ತದ ಅಂಶವಾದ ಕ್ರಯೋಪ್ರೆಸಿಪಿಟೇಟ್ 10 ಯೂನಿಟ್. ಅದು ಎಲ್ಲಿ ಸಿಗುತ್ತದೆ ಎಂಬುದನ್ನು ಆಗ ಹುಡುಕುವುದಲ್ಲ. ಬಿಪಿಗೆಂದು ಎಸಿಇ ಇನ್‌ಹಿಬಿಟರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ತುಟಿ, ನಾಲಿಗೆ ಊದಿಕೊಳ್ಳುವುದುಂಟು, ಅದೂ ಹೆಚ್ಚಾಗಿ ಬಿದ್ದ ಕೈಯ ಬದಿಯಲ್ಲೇ. ಬಾಯಿಯೊಳಗೆ ಟಾರ್ಚ್ ಹಾಕಿ ನೋಡದಿದ್ದರೆ ಶ್ವಾಸ ಕಟ್ಟುವವರೆಗೆ ತಿಳಿಯುವುದಿಲ್ಲ.

ಮನೆಯವರಿಗೆ ಹೇಳುವುದನ್ನೂ ಅಭ್ಯಾಸ ಮಾಡಿಸಬೇಕು, ಎರಡು ನಿಮಿಷದೊಳಗೆ. 1995ರ ಅಧ್ಯಯನದ ಅಂಕಿಗಳೇ ಸಾಕು: ಮೂರು ತಿಂಗಳ ನಂತರ ಅಂಗವೈಕಲ್ಯವಿಲ್ಲದೆ ಅಥವಾ ಅತ್ಯಲ್ಪ ತೊಂದರೆಯೊಂದಿಗೆ ಉಳಿದವರು ಔಷಧಿ ಪಡೆದವರಲ್ಲಿ ಶೇ 39, ಪಡೆಯದವರಲ್ಲಿ ಶೇ 26. ತೊಂದರೆ ಕೊಡುವಂಥ ರಕ್ತಸ್ರಾವ ಶೇ 6.4, ಪಡೆಯದವರಲ್ಲಿ ಶೇ 0.6. “ನೂರು ಜನಕ್ಕೆ ಕೊಟ್ಟರೆ ಇನ್ನೂ ಹದಿಮೂರು ಜನ ಮೊದಲಿನ ಹಾಗೇ ಓಡಾಡ್ತಾರೆ, ಆರು ಜನಕ್ಕೆ ತಲೆಯೊಳಗೆ ರಕ್ತ ಸೋರಬಹುದು. ತಡ ಆದಷ್ಟೂ ಲಾಭ ಕಡಿಮೆ. ನಾವು ಕೊಡೋದು ಒಳ್ಳೇದು ಅಂತೀವಿ.” ಕೊನೆಯ ವಾಕ್ಯ ಬಿಡಬಾರದು. ಅಂಕಿ ಹೇಳಿ “ನೀವೇ ನಿರ್ಧಾರ ಮಾಡಿ” ಎಂದು ನಿಂತರೆ ಊರಿನ ಹಿರಿಯರಿಗೆಲ್ಲ ಫೋನ್ ಹೋಗಿ ಅರ್ಧ ಗಂಟೆ ಮುಗಿಯುತ್ತದೆ.

ಕಳಿಸಬೇಕಾದವರು

ದೊಡ್ಡ ಧಮನಿ ಕಟ್ಟಿದ್ದರೆ ಇಂಜೆಕ್ಷನ್ ಒಂದರಿಂದಲೇ ತೆರೆಯುವುದು ಅಪರೂಪ. ತೊಡೆಯ ಸಂದಿಯ ಧಮನಿಯಿಂದ ಕ್ಯಾತಿಟರ್ ಏರಿಸಿ ಹೆಪ್ಪನ್ನು ಸ್ಟೆಂಟ್‌ನಿಂದ ಎಳೆಯುವ ಅಥವಾ ಹೀರುವ ಥ್ರಾಂಬೆಕ್ಟಮಿ 2015ರಲ್ಲಿ ಐದು ಅಧ್ಯಯನಗಳು ಒಟ್ಟಿಗೆ ಬಂದ ಮೇಲೆ ಗಟ್ಟಿಯಾಗಿ ನೆಲೆಯೂರಿತು. ಆ ಐದನ್ನೂ ಕೂಡಿಸಿ ನೋಡಿದಾಗ ಸ್ವಂತ ಕೆಲಸ ತಾವೇ ಮಾಡಿಕೊಳ್ಳುವಷ್ಟು ಚೇತರಿಸಿಕೊಂಡವರು ಶೇ 46, ಬರಿಯ ಔಷಧಿಯಲ್ಲಿ ಶೇ 26.5. 2018ರ ಡಾನ್ ಅಧ್ಯಯನ, ಆಯ್ದ ರೋಗಿಗಳಲ್ಲಿ, 24 ಗಂಟೆಯವರೆಗೂ ಲಾಭ ತೋರಿಸಿತು. ಕಾರ್ಯಾಗಾರದಲ್ಲಿ ಸಿಲಿಕೋನ್ ನಾಳದ ಮಾದರಿಯಲ್ಲಿ ಕ್ಯಾತಿಟರ್ ಆಡಿಸುವುದು ಎಲ್ಲರಿಗೂ ಇಷ್ಟ, ಫೋಟೋಗೂ ಚೆನ್ನ. ಆದರೆ ಬಂದವರಲ್ಲಿ ಹೆಚ್ಚಿನವರು ಈ ಕೆಲಸ ಕೈಯಾರೆ ಮಾಡುವವರಲ್ಲ, ಕಳಿಸುವವರು. ಅವರಿಗೆ ಬೇಕಾದ್ದು ಗುರುತಿಸುವ ಕಣ್ಣು: ಕೈಕಾಲು ಬಿದ್ದಿರುವುದರ ಜೊತೆಗೆ ಕಣ್ಣುಗುಡ್ಡೆ ಒಂದು ಕಡೆಗೆ ತಿರುಗಿ ನಿಂತಿದೆಯೇ, ಮಾತು ಪೂರ್ತಿ ಹೋಗಿದೆಯೇ, ಎಡಗಡೆಯ ಲೋಕವೇ ಇಲ್ಲವೆಂಬಂತೆ ಇದ್ದಾರೆಯೇ? ಹೌದಾದರೆ ಎದೆಯ ಮಹಾಧಮನಿಯ ಕಮಾನಿನಿಂದ ನೆತ್ತಿಯವರೆಗೆ ಸಿಟಿ ಆಂಜಿಯೋ, ಅದಿಲ್ಲದ ಕಡೆ ಇಂಜೆಕ್ಷನ್ ಕೊಟ್ಟು ತಕ್ಷಣ 108. ಕೊಟ್ಟು ಒಂದು ಗಂಟೆ ಕಾದು “ಸುಧಾರಿಸುತ್ತಾರೋ” ನೋಡುವುದು ತಪ್ಪು. ಚೀಟಿಯಲ್ಲಿ ಬರೆಯಬೇಕಾದ್ದು ಕೊನೆಯ ಸಲ ಚೆನ್ನಾಗಿದ್ದ ಹೊತ್ತು, ಸ್ಕೋರ್, ಇಂಜೆಕ್ಷನ್ ಪ್ರಮಾಣ ಮತ್ತು ಸಮಯ, ಬಿಪಿ, ನಿರ್ಧಾರ ತೆಗೆದುಕೊಳ್ಳಬಲ್ಲ ಸಂಬಂಧಿಕರ ಫೋನ್. ಆ ಸಂಬಂಧಿಕರು ಆಂಬುಲೆನ್ಸ್‌ನಲ್ಲೇ ಇರಬೇಕು. ಹಿಂದಿನ ಬಸ್ಸಿನಲ್ಲಿ ಬರುತ್ತೇನೆಂದರೆ ಅಲ್ಲಿ ಒಪ್ಪಿಗೆಗೆ ಕಾಯಬೇಕಾಗುತ್ತದೆ.

ಮೋಸ ಮಾಡುವ ಮುಖಗಳು

ತಲೆಸುತ್ತು ಎಂದು ಬಂದವರಲ್ಲಿ ಸೆರೆಬೆಲ್ಲಂ ಸ್ಟ್ರೋಕ್ ಅಡಗಿರುತ್ತದೆ. ಮೊದಲ ದಿನ ಎಂಆರ್‌ಐ ಕೂಡ ಕೆಲವೊಮ್ಮೆ ತಪ್ಪುವ ಇಲ್ಲಿ 2009ರಿಂದ ಹೆಸರಾದ ಹಿಂಟ್ಸ್ ಪರೀಕ್ಷೆ ಕೈಹಿಡಿಯುತ್ತದೆ: ತಲೆಯನ್ನು ಥಟ್ಟನೆ ತಿರುಗಿಸುವುದು, ಕಣ್ಣಿನ ಅದುರು ದಿಕ್ಕು ಬದಲಿಸುತ್ತದೆಯೇ ಎಂದು ನೋಡುವುದು, ಒಂದೊಂದೇ ಕಣ್ಣು ಮುಚ್ಚಿ ತೆರೆದು ಗುಡ್ಡೆ ಮೇಲೆ ಕೆಳಗೆ ಜರುಗುತ್ತದೆಯೇ ಎಂದು ನೋಡುವುದು. ಇಲ್ಲಿನ ವಿಚಿತ್ರವೆಂದರೆ ತಲೆ ತಿರುಗಿಸಿದಾಗ ಕಣ್ಣು ಗುರಿ ಬಿಡದೆ ನಿಂತರೆ, ಅಂದರೆ ಪರೀಕ್ಷೆ ನಾರ್ಮಲ್ ಬಂದರೆ, ಅದೇ ಅಪಾಯದ ಗುರುತು. ಇದು ಬಿಡದೆ ಸುತ್ತುತ್ತಿರುವ, ಕಣ್ಣು ಅದುರುತ್ತಿರುವ ರೋಗಿಗೆ ಮಾತ್ರ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಅರೆ ನಿಮಿಷ ಸುತ್ತಿ ನಿಲ್ಲುವವರಿಗೆ ಇದನ್ನು ಮಾಡಿದರೆ ನಾರ್ಮಲ್ ಬರುತ್ತದೆ, ಸುಮ್ಮನೆ ಸ್ಟ್ರೋಕ್ ಹಣೆಪಟ್ಟಿ ಬೀಳುತ್ತದೆ.

ಇನ್ನೊಂದು, ಬಾಣಂತಿಯ ತಲೆನೋವು. ಹೆರಿಗೆಯಾದ ವಾರಗಳಲ್ಲಿ ರಕ್ತ ಸುಲಭವಾಗಿ ಹೆಪ್ಪುಗಟ್ಟುತ್ತದೆ. ಬಾಣಂತಿಗೆ ನೀರು ಅಳೆದು ಕೊಡುವ ಮನೆಗಳಲ್ಲಿ ಇನ್ನೂ ಹೆಚ್ಚು. ಮೆದುಳಿನಿಂದ ರಕ್ತ ಹೊರಗೊಯ್ಯುವ ಸೈನಸ್‌ಗಳಲ್ಲಿ ಹೆಪ್ಪು ಕೂತರೆ ತಲೆನೋವು, ಫಿಟ್ಸ್, ಆಮೇಲೆ ಕೈಕಾಲು ಸೋಲುತ್ತದೆ. ಸಿಟಿಯಲ್ಲಿ ರಕ್ತದ ಕಲೆಯೂ ಕಾಣಬಹುದು. ಅದನ್ನು ಕಂಡು ಹೆಪಾರಿನ್ ಕೊಡಲು ಹೆದರುವುದು ಸಹಜ, ಆದರೆ ಇಲ್ಲಿ ರಕ್ತ ಸೋರಿದ್ದು ಹೊರಹೋಗುವ ದಾರಿ ಕಟ್ಟಿದ್ದರಿಂದ. ದಾರಿ ಬಿಡಿಸುವ ಹೆಪಾರಿನ್ನೇ ಚಿಕಿತ್ಸೆ.

ನಿಜವಾದ ರಕ್ತಸ್ರಾವದ ಸ್ಟ್ರೋಕ್ ಬೇರೆ. ಅಲ್ಲಿ ಸಿಸ್ಟಾಲಿಕ್ ಬಿಪಿಯನ್ನು ಗಂಟೆಯೊಳಗೆ 140ರ ಆಸುಪಾಸಿಗೆ ತರುವುದು, ಶುಗರ್, ಜ್ವರ ಹಿಡಿತದಲ್ಲಿಡುವುದು, ವಾರ್ಫರಿನ್ ಪರಿಣಾಮ ಇಳಿಸುವುದು, ಇಷ್ಟನ್ನೂ ಒಟ್ಟಿಗೆ ಮಾಡಿದಾಗ ಫಲಿತಾಂಶ ಸುಧಾರಿಸಿತೆಂದು 2023ರ ಇಂಟರಾಕ್ಟ್-3 ತೋರಿಸಿತು. ಸೋರಿದ ರಕ್ತದ ಗಾತ್ರ ಅಳೆಯಲು ಉದ್ದ, ಅಗಲ, ಎತ್ತರ ಗುಣಿಸಿ ಎರಡರಿಂದ ಭಾಗಿಸಬೇಕು, 5 ಸೆಂ.ಮೀ., 4 ಸೆಂ.ಮೀ., 2.5 ಸೆಂ.ಮೀ. ಆದರೆ 25 ಮಿ.ಲೀ. ಎತ್ತರ ಎಣಿಸುವಾಗ ತುದಿಯ ಚಿಕ್ಕ ಸ್ಲೈಸ್‌ಗಳನ್ನೂ ಪೂರ್ತಿ ಎಣಿಸಿ ಗಾತ್ರ ಉಬ್ಬಿಸುವವರೇ ಹೆಚ್ಚು. ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದರು ಎಂದು ಪ್ಲೇಟ್‌ಲೆಟ್ ಏರಿಸಬಾರದು, ಅದರಿಂದ ಕೆಡುಕೇ ಎಂದು 2016ರಲ್ಲೇ ಗೊತ್ತಾಗಿದೆ.

ಹತ್ತು ನಿಮಿಷ ಮಾತು ಹೋಗಿ ವಾಪಸ್ ಬಂದವರನ್ನು “ಸರಿಹೋಯ್ತಲ್ಲ” ಎಂದು ಮನೆಗೆ ಕಳಿಸುವಂತಿಲ್ಲ. ಅಪಾಯ ಹೆಚ್ಚಿರುವ ಇಂಥವರಿಗೂ, ಸ್ಕೋರ್ 3ರೊಳಗಿನ ಚಿಕ್ಕ ಸ್ಟ್ರೋಕ್‌ಗೂ ಆಸ್ಪಿರಿನ್ ಮತ್ತು ಕ್ಲೋಪಿಡೊಗ್ರೆಲ್ ಜೊತೆಯಾಗಿ 21 ದಿನ, ಆಮೇಲೆ ಒಂದೇ. ಎರಡನ್ನೂ ವರ್ಷಗಟ್ಟಲೆ ಮುಂದುವರಿಸಿದ ಚೀಟಿಗಳು ರಕ್ತಸ್ರಾವದೊಂದಿಗೆ ವಾಪಸ್ ಬರುತ್ತವೆ.

ವಾರ್ಡಿನಲ್ಲಿ ಆಗುವ ಕೆಲಸಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಆಸ್ಟ್ರೇಲಿಯಾದ 19 ಸ್ಟ್ರೋಕ್ ಘಟಕಗಳಲ್ಲಿ ನರ್ಸ್‌ಗಳಿಗೆ ಜ್ವರ, ಶುಗರ್, ನುಂಗುವಿಕೆ ಈ ಮೂರನ್ನೇ ನೋಡಿಕೊಳ್ಳಲು ಕಲಿಸಿದಾಗ, ಮೂರು ತಿಂಗಳಲ್ಲಿ ಸತ್ತವರು ಅಥವಾ ಪರಾವಲಂಬಿಗಳಾದವರ ಪ್ರಮಾಣ ನೂರಕ್ಕೆ ಸುಮಾರು 16ರಷ್ಟು ಇಳಿಯಿತು. 2011ರಲ್ಲಿ ಪ್ರಕಟವಾದ ಫಲಿತಾಂಶ ಇದು. ಕಾರ್ಯಾಗಾರಕ್ಕೆ ವೈದ್ಯರನ್ನಷ್ಟೇ ಕರೆದು ಸ್ಟಾಫ್ ನರ್ಸ್‌ಗಳನ್ನು ಬಿಡುವುದು ಯಾಕೆ ದಡ್ಡತನ ಎಂಬುದಕ್ಕೆ ಬೇರೆ ಪುರಾವೆ ಬೇಡ. ನುಂಗುವ ಪರೀಕ್ಷೆ ಆಗುವವರೆಗೆ ಬಾಯಿಗೆ ಮಾತ್ರೆಯೂ ಇಲ್ಲ, ಮನೆಯವರು ಪ್ರೀತಿಯಿಂದ ತಂದ ಎಳನೀರೂ ಇಲ್ಲ. ಅದೇ ವಾರ್ಡಿನಲ್ಲಿ ಎಲ್ಲರಿಗೂ ಮೆದುಳಿನ ಊತ ಇಳಿಸುವ ಮ್ಯಾನಿಟಾಲ್, ಎಲ್ಲರಿಗೂ ನರಕೋಶ ಕಾಯುತ್ತದೆನ್ನುವ ಸಿಟಿಕೋಲಿನ್ ಬರೆಯುವ ರೂಢಿ ನಡೆದೇ ಇದೆ. ಸಿಟಿಕೋಲಿನ್‌ನಿಂದ ಪ್ರಯೋಜನವಿಲ್ಲವೆಂದು 2012ರ ದೊಡ್ಡ ಅಧ್ಯಯನ ಹೇಳಿಯಾಗಿದೆ; ಆ ದುಡ್ಡು ಫಿಸಿಯೋಥೆರಪಿಗೆ ಹೋದರೆ ವಾಸಿ.

ಕಾರ್ಯಾಗಾರ ಉಪಯೋಗವಾಯಿತೇ ಎಂದು ತಿಳಿಯಲು ಕೊನೆಯಲ್ಲಿ ಬಹು ಆಯ್ಕೆಯ ಪ್ರಶ್ನೆ ಕೊಟ್ಟು ಅಂಕ ನೋಡುವುದು ವಾಡಿಕೆ. ಅದಕ್ಕಿಂತ, ಪ್ರತಿಯೊಬ್ಬರೂ ತಮ್ಮ ಆಸ್ಪತ್ರೆಯ ಪ್ರತಿ ಸ್ಟ್ರೋಕ್ ರೋಗಿಗೂ ನಾಲ್ಕು ಹೊತ್ತು ಬರೆದಿಡಲಿ: ಬಾಗಿಲಿಗೆ ಬಂದದ್ದು, ಸಿಟಿ ಶುರುವಾದದ್ದು, ಇಂಜೆಕ್ಷನ್ ಬಿದ್ದದ್ದು, ಆಂಬುಲೆನ್ಸ್ ಹೊರಟದ್ದು. ಹಿಂದಿನ ಮೂರು ತಿಂಗಳ ಹಾಳೆಯನ್ನೂ ಮುಂದಿನ ಮೂರು ತಿಂಗಳ ಹಾಳೆಯನ್ನೂ ಪಕ್ಕಪಕ್ಕ ಇಟ್ಟರೆ ನಿಮಿಷಗಳು ಎಲ್ಲಿ ಸೋರುತ್ತಿವೆ ಎಂಬುದು ಕಾಣುತ್ತದೆ. ಎರಡನೆಯ ಮತ್ತು ಮೂರನೆಯ ಅಂಕಣದ ನಡುವೆ ದೊಡ್ಡ ಅಂತರವಿದ್ದರೆ ಮೊದಲು ವಿಚಾರಿಸಬೇಕಾದ್ದು, ಔಷಧಿ ತರಲು ಮನೆಯವರ ಕೈಗೆ ಚೀಟಿ ಕೊಟ್ಟು ಫಾರ್ಮಸಿಗೆ ಕಳಿಸುತ್ತಿದ್ದಾರೆಯೇ ಎಂದು. ಒಂದು ವಯಲ್ ಕ್ಯಾಶುವಾಲ್ಟಿಯಲ್ಲೇ ಇಟ್ಟು, ಬಿಲ್ ಆಮೇಲೆ ಮಾಡುವ ಆದೇಶಕ್ಕೆ ಸಹಿ ಹಾಕಬೇಕಾದವರು ಮೆಡಿಕಲ್ ಸೂಪರಿಂಟೆಂಡೆಂಟ್. ಅವರನ್ನೂ ಕಾರ್ಯಾಗಾರದ ಎರಡನೇ ದಿನ ಮಧ್ಯಾಹ್ನ ಕರೆಯಿರಿ.